ಲೋಟಚಿತ್ರ ಮೀಮಾಂಸೆ

ಮನೆಯ ಯಾವ ವಸ್ತು ಯಾವ ಹೊತ್ತಿನಲ್ಲಿ ಸುಂದರವಾಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಎತ್ತಿಕೊಳ್ಳಲಿಲ್ಲ. ಭರತನಿಂದ ಜಗನ್ನಾಥ ಪಂಡಿತನವರೆಗೆ ಯಾರ ಕೈಯಲ್ಲೂ ಮೊಬೈಲು ಇರಲಿಲ್ಲವೆಂಬುದೇ ಕಾರಣವಿರಬೇಕು. ಆ ಕೊರತೆಯನ್ನು ತುಂಬುವ ಭಾರ ಈಗ ಪ್ರಸ್ತುತ ಸಂಶೋಧಕನ ಹೆಗಲಿಗೆ ಬಂದಿದೆ. ಪ್ರಮೇಯವಿದು: ಒಂದು ವಸ್ತು ಮನೆಯ ಇನ್ನೊಬ್ಬರಿಗೆ ಎಷ್ಟು ತುರ್ತಾಗಿ ಬೇಕೋ, ಹವ್ಯಾಸಿ ಛಾಯಾಗ್ರಾಹಕನ ಕಣ್ಣಿಗೆ ಅದು ಅಷ್ಟೇ ಸುಂದರವಾಗಿ ಕಾಣುತ್ತದೆ. ಅಟ್ಟದ ಮೇಲೆ ವರ್ಷಗಟ್ಟಲೆ ಬೋರಲು ಬಿದ್ದ ಲೋಟವನ್ನು ಯಾವ ಹವ್ಯಾಸಿಯೂ ತಿರುಗಿ ನೋಡಿದ್ದಿಲ್ಲ. ಕಾಫಿ ಬಗ್ಗಿಸಲೆಂದು ಯಾರಾದರೂ ಅದಕ್ಕೆ ಕೈ ಚಾಚಲಿ, ಅಂಚಿನಲ್ಲಿ ಬೆಳಕು ಕುಣಿಯತೊಡಗುತ್ತದೆ.

ಚರಿತ್ರೆ ನಮ್ಮ ಪರವಾಗಿದೆ. ಛಾಯಾಗ್ರಹಣದ ಸುದ್ದಿ ಲೋಕಕ್ಕೆ ತಿಳಿದದ್ದು 1839ರಲ್ಲಿ. 1844ರ ಹೊತ್ತಿಗಾಗಲೇ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್, ಲೇಕಾಕ್‌ನ ತನ್ನ ಮನೆಯಲ್ಲಿ ತೆರೆದ ಬಾಗಿಲಿಗೆ ಪೊರಕೆಯೊಂದನ್ನು ಒರಗಿಸಿ ಚಿತ್ರ ತೆಗೆದಿದ್ದ. 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಅವನ ಪುಸ್ತಕದಲ್ಲಿ ಅದಿದೆ. ದೇಶದಲ್ಲಿ ರಾಣಿಯಿದ್ದಳು, ಇಗರ್ಜಿಗಳಿದ್ದವು. ಆತ ಹಿಡಿದದ್ದು ಪೊರಕೆಯನ್ನು. ವಿದ್ವಾಂಸರು ಇದರಲ್ಲಿ ಡಚ್ ಚಿತ್ರಕಲೆಯ ಛಾಯೆ ಕಾಣುತ್ತಾರೆ. ಆ ಹೊತ್ತಿಗೆ ಅಂಗಳ ಗುಡಿಸಬೇಕಿದ್ದವರು ಏನು ಕಂಡರೆಂದು ಯಾವ ವಿದ್ವಾಂಸನೂ ಕೇಳಿದಂತಿಲ್ಲ. ಇನ್ನು ಅಮೆರಿಕದ ಎಡ್ವರ್ಡ್ ವೆಸ್ಟನ್. ಈತ 1925ರಲ್ಲಿ ಮೆಕ್ಸಿಕೋದಲ್ಲಿದ್ದಾಗ ಮನೆಯ ಪಾಯಿಖಾನೆಯ ಕಮೋಡನ್ನು ಕೆಳಗಿನಿಂದ, ನೆಲಮಟ್ಟದಲ್ಲಿ ಕ್ಯಾಮೆರಾ ಇಟ್ಟು ತೆಗೆದ. ಮನೆಯಲ್ಲಿ ಯಾರಿಗಾದರೂ ತುರ್ತಾಗಿ ಬೇಕಾಗಬಹುದಾದ ವಸ್ತು ಇದಕ್ಕಿಂತ ಬೇರೊಂದುಂಟೆ? ಪ್ರಮೇಯ ಇಲ್ಲಿ ಪರಾಕಾಷ್ಠೆ ಮುಟ್ಟುತ್ತದೆ.

ಕರ್ನಾಟಕದ ಸಾಕ್ಷ್ಯ ಮಾತ್ರ ಕೈಕೊಡುತ್ತದೆ. ನಮ್ಮಲ್ಲಿ ಕ್ಯಾಮೆರಾ ಹಿಡಿದ ಘಟಾನುಘಟಿಗಳಲ್ಲಿ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಪೂರ್ಣಚಂದ್ರ ತೇಜಸ್ವಿ ಎಲ್ಲರೂ ಕಾಡು, ಪ್ರಾಣಿ, ಹಕ್ಕಿಗಳ ಬೆನ್ನು ಹತ್ತಿದರು. ಮರಕುಟಿಗವನ್ನು 'ಸ್ವಲ್ಪ ಈ ಕಡೆ ಕೊಡಿ' ಎಂದು ಅಡುಗೆಮನೆಯಿಂದ ಯಾರೂ ಕೂಗುವುದಿಲ್ಲ. ಆದ್ದರಿಂದ ಈ ಮಹನೀಯರನ್ನು ಗೌರವಪೂರ್ವಕವಾಗಿ ಬದಿಗಿಡಲಾಗಿದೆ.

ಈಗ ಲಕ್ಷ್ಯ: ಒಂದು ಸ್ಟೀಲ್ ಲೋಟ. ಗೃಹಪ್ರವೇಶಕ್ಕೆ ಬಂದದ್ದು. ಕಂಠದ ಕೆಳಗೆ ಕೊಟ್ಟವರ ಹೆಸರನ್ನು ಪಾತ್ರೆ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದಾನೆ. ಕೊನೆಯಲ್ಲಿ ಜಾಗ ಸಾಲದೆ ಇನಿಷಿಯಲ್ಲು ಬುಡದ ಕಡೆ ಜಾರಿದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಈ ಹೆಸರು ಮಾಯ, ಉಳಿಯುವುದು ಒಂದು ಬಿಳಿ ಮಚ್ಚೆ. ಕಿಟಕಿಗೆ ಬಟರ್ ಪೇಪರ್ ಅಂಟಿಸಿ ಬೆಳಕು ಪಕ್ಕದಿಂದ ಸವರಿಕೊಂಡು ಬರುವಂತೆ ಮಾಡಿ, ಆಚೆ ಬದಿಗೆ ಟಿವಿ ಪೆಟ್ಟಿಗೆಯಲ್ಲಿ ಬಂದ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಒಂದೊಂದು ಚುಕ್ಕೆಗೂ ಒಂದೊಂದು ನೆರಳು ಮೂಡಿ ಅಕ್ಷರ ಎದ್ದು ನಿಲ್ಲುತ್ತದೆ. ಆದರೆ ಕೊಟ್ಟವರು ಸೈಟಿನ ಗಲಾಟೆಯಾದ ಮೇಲೆ ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಹೆಸರು ಸ್ಪಷ್ಟವಾದಷ್ಟೂ ಚರ್ಚೆ ಸೌಂದರ್ಯಶಾಸ್ತ್ರದಿಂದ ದಾಯಾದಿಶಾಸ್ತ್ರಕ್ಕೆ ಜಾರುವ ಅಪಾಯವಿರುವುದರಿಂದ ಲೋಟವನ್ನು ಕೊಂಚ ತಿರುಗಿಸಿ ಇಡಲಾಯಿತು. ತಿರುಗಿಸಿದ್ದೇ ತಡ, ಇನ್ನೊಂದು ತೊಡಕು. ಲೋಟದ ಹೊಟ್ಟೆಯಲ್ಲಿ ಬನಿಯನ್ ತೊಟ್ಟ ಸಂಶೋಧಕ ಸ್ವತಃ, ಮೂಗು ಮುಂದಾಗಿ, ಕಿವಿಗಳು ಹಿಂದೆ ಓಡಿಹೋಗಿ, ಪ್ರತಿಬಿಂಬಿಸಿದ್ದಾನೆ. ದ್ರಷ್ಟಾರನೂ ದೃಶ್ಯವೂ ಒಂದೇ ಎಂಬ ಅದ್ವೈತ ಇದೇ ಇರಬಹುದು. ಬನಿಯನ್ನಿನ ತೂತನ್ನು ಶಂಕರರು ಎಲ್ಲಿಯೂ ಪ್ರಸ್ತಾಪಿಸಿಲ್ಲ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. "ರೀ, ಡಿಕಾಕ್ಷನ್ ಆರ್ತಾ ಇದೆ. ಲೋಟ ಕೊಡ್ತೀರೋ, ನಾನೇ ಬಂದು ಎತ್ಕೊಂಡು ಹೋಗ್ಲೋ?" ಸಿದ್ಧಾಂತಿ ಉತ್ತರಿಸುತ್ತಾನೆ: ರಸಾನುಭವದಲ್ಲಿ 'ಇದು ನನ್ನದು, ಇದು ಪರರದು' ಎಂಬ ಭೇದ ಕರಗುವುದನ್ನೇ ಭಟ್ಟನಾಯಕನು ಸಾಧಾರಣೀಕರಣವೆಂದ. ಪೂರ್ವಪಕ್ಷಿ: "ಹಾಗಾದ್ರೆ ಇವತ್ತು ಪಾತ್ರೆ ತೊಳೆಯೋದೂ ನಿಮ್ಮದು ನನ್ನದು ಅಂತ ಭೇದ ಬೇಡ." ಈ ವಾದಕ್ಕೆ ಧ್ವನ್ಯಾಲೋಕದಲ್ಲಿ ಸಮಾಧಾನ ಹುಡುಕಲಾಗುತ್ತಿದೆ.

ಶೀರ್ಷಿಕೆಯ ವಿಚಾರವನ್ನು ಬೇಗ ಮುಗಿಸಬಹುದು. ಸ್ಪರ್ಧೆಗೆ ಕಳಿಸುವಾಗ ಒಂದು ಲೋಟವಿದ್ದರೆ 'ಏಕಾಂತ', ಎರಡಿದ್ದರೆ 'ದಾಂಪತ್ಯ', ಎರಡರಲ್ಲೊಂದು ಬಿದ್ದಿದ್ದರೂ 'ದಾಂಪತ್ಯ'ವೇ. ಮೊಬೈಲನ್ನು ಓರೆಯಾಗಿ ಹಿಡಿದು ತೆಗೆದದ್ದನ್ನು ವಕ್ರೋಕ್ತಿಯ ಕುಂತಕನ ಹೆಸರು ಹೇಳಿ ಸಮರ್ಥಿಸಿಕೊಳ್ಳುವವರಿದ್ದಾರೆ. ಅಂಥವರ ಕೈ ನಡುಗಿರುತ್ತದೆ, ಅಷ್ಟೆ.

ಕೊನೆಯದಾಗಿ ತರಕಾರಿ. ವೆಸ್ಟನ್ನನೇ 1930ರಲ್ಲಿ ದೊಣ್ಣೆಮೆಣಸಿನಕಾಯಿಯೊಂದನ್ನು ತಗಡಿನ ಆಲಿಕೆಯೊಳಗೆ ಕೂರಿಸಿ, ನಿಮಿಷಗಟ್ಟಲೆ ಎಕ್ಸ್‌ಪೋಷರ್ ಕೊಟ್ಟು ತೆಗೆದ 'ಪೆಪ್ಪರ್ ನಂ. 30' ಜಗತ್ಪ್ರಸಿದ್ಧ. ಆ ಕಾಯಿಯ ಬೆನ್ನು, ಭುಜ, ಮಡಿಕೆಗಳನ್ನು ಕಂಡವರು ಅದು ತರಕಾರಿಯೆಂಬುದನ್ನೇ ಮರೆಯುತ್ತಾರೆ. ಈ ಪ್ರಯೋಗವನ್ನು ನಮ್ಮ ಮನೆಯಲ್ಲಿ ಪುನರಾವರ್ತಿಸುವಾಗ ಆಲಿಕೆಯೇ ಎಣ್ಣೆ ಡಬ್ಬಿಗೆ ಬೇಕಾಗಿತ್ತು. ಪ್ರಮೇಯಕ್ಕನುಸಾರವಾಗಿ ಅದು ಮೆಣಸಿನಕಾಯಿಗಿಂತಲೂ ಸುಂದರವಾಗಿ ಕಂಡು, ಸಂಶೋಧನೆ ಆ ಕಡೆ ಹೊರಳಿತು. "ಕಾಯಿದಾದ್ರೂ ಆಯ್ತೇನ್ರೀ? ಹೆಚ್ಚಲಾ?" ಎಂದು ಪೂರ್ವಪಕ್ಷ ಕೇಳಿತು. ಚಿತ್ರ ತೆಗೆದ ತರಕಾರಿಗಳನ್ನು ಆಮೇಲೆ ತಿನ್ನುತ್ತಿದ್ದ ಸಂಗತಿಯನ್ನು ವೆಸ್ಟನ್ ತನ್ನ ದಿನಚರಿಯಲ್ಲಿ ಮುಚ್ಚಿಟ್ಟಿಲ್ಲವಾದ್ದರಿಂದ, ಬಜ್ಜಿಗೆ ಶಾಸ್ತ್ರಸಮ್ಮತಿ ನೀಡಲಾಯಿತು. ಆಲಿಕೆ ಇನ್ನೂ ಕಿಟಕಿಯಲ್ಲಿದೆ. ಎಣ್ಣೆಯನ್ನು ಸದ್ಯಕ್ಕೆ ಕ್ಯಾನಿನಿಂದಲೇ ಬಾಣಲೆಗೆ ಸುರಿಯಲಾಗುತ್ತಿದೆ, ಒಲೆಯ ಮೇಲೂ ಸ್ವಲ್ಪ.