ಸ್ಟೆಪ್ನಿ ಇಳಿಸಿ ನೋಡಿದ್ದೀರಾ?

ಮೇಷ್ಟ್ರೇ, ಗಾಡಿಗೆ ಪೂಜೆ ಆಯ್ತು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದೂ ಆಯ್ತು, ಬೀದಿಯವರಿಗೆಲ್ಲ ಪೇಡೆ ಹಂಚಿದ್ದೂ ಆಯ್ತು. ಸ್ಟೆಪ್ನಿ ಎಲ್ಲಿದೆ ನೋಡಿದ್ರಾ?

ಡಿಕ್ಕಿಯಲ್ಲೇ ಇರಬೇಕು ಅಂತೀರಾ? ಇಲ್ಲ, ನಿಮ್ಮ ಇನ್ನೋವಾದಲ್ಲಿ ಡಿಕ್ಕಿಯ ಮ್ಯಾಟ್ ಎತ್ತಿದರೆ ಸಿಗೋದಿಲ್ಲ. ಅದು ಗಾಡಿಯ ಹಿಂಭಾಗದ ಅಡಿಯಲ್ಲಿ, ಸರಪಳಿಯಲ್ಲಿ ಕಟ್ಟಿ ಮೇಲಕ್ಕೆ ಎಳೆದಿಟ್ಟ ಹಾಗೆ ಇರುತ್ತೆ. ಬಗ್ಗಿ ನೋಡಿ, ಸೈಲೆನ್ಸರ್ ಪಕ್ಕದಲ್ಲಿ ಮಣ್ಣು ಮೆತ್ತಿಕೊಂಡಿದೆಯಲ್ಲ, ಅದೇ. ತೋಟದ ಜೀಪಾದರೆ ಬೆನ್ನ ಮೇಲೇ ಹೊತ್ತಿರುತ್ತೆ, ಬೊಲೆರೊ, ಥಾರ್‌ಗಳೂ ಹಾಗೇ. ದೂರದಿಂದಲೇ ಕಾಣುತ್ತೆ, ಗಾಳಿ ಇಳಿದಿದ್ದರೂ ಕೈಗೆ ಗೊತ್ತಾಗುತ್ತೆ. ಸಣ್ಣ ಕಾರುಗಳಲ್ಲಿ ಡಿಕ್ಕಿಯ ನೆಲದಡಿ ಒಂದು ಗುಂಡಿಯೊಳಗೆ ಮಲಗಿರುತ್ತೆ. ಮೂರು ಸಾಲು ಸೀಟಿನ ಗಾಡಿಗಳಿಗೆ ಒಳಗೆ ಅಷ್ಟು ಜಾಗ ಎಲ್ಲಿ? ಅದಕ್ಕೇ ಹೊರಗೆ, ಕೆಳಗೆ. ನಮ್ಮ ಮೂಡಿಗೆರೆ ಮಳೆ, ಕೆಂಪು ಕೆಸರು ಎಲ್ಲ ನೇರ ಅದಕ್ಕೇ ಹೊಡೆಯೋದು.

ಹಿಂದಿನ ಮಳೆಗಾಲದಲ್ಲಿ ಚಾರ್ಮಾಡಿ ಇಳಿಯುವಾಗ ಒಂದು ಸಂಸಾರ ನೋಡಿದೆ. ಧರ್ಮಸ್ಥಳಕ್ಕೆ ಹೊರಟವರು. ಮುಂದಿನ ಟಯರ್ ಹೋಗಿತ್ತು. ಜಾಕಿ ಇತ್ತು, ಪಾನಾ ಇತ್ತು, ಸ್ಟೆಪ್ನಿಯೂ ಇತ್ತು. ಆದರೆ ಕೆಳಗಿಳಿಸೋದು ಹೇಗೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಗಂಡಸರು ಇಬ್ಬರು ಕೆಸರಲ್ಲಿ ಮಲಗಿ ಚಕ್ರವನ್ನೇ ಹಿಡಿದು ಎಳೀತಿದ್ದರು. ಮಂಜು ಬೇರೆ, ಎದುರಿಗೆ ಬರೋ ಬಸ್ಸು ಹತ್ತಿರಕ್ಕೆ ಬಂದ ಮೇಲೇ ಕಾಣೋದು. ಫೋನ್ ಮಾಡೋಣ ಅಂದ್ರೆ ಅಲ್ಲಿ ಸಿಗ್ನಲ್ ಇಲ್ಲ. ಕೊಟ್ಟಿಗೆಹಾರದ ಕಡೆಯಿಂದ ಬಂದ ಒಬ್ಬ ಜೀಪ್ ಡ್ರೈವರ್ ನಿಲ್ಲಿಸಿ ರಾಡ್ ಹಾಕಿ ತಿರುಗಿಸಿದ, ಆದರೆ ಒಳಗಿನ ತಿರುಗುವ ಭಾಗ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಡೀಸೆಲ್ ಸುರಿದು, ತಟ್ಟಿ, ಹಿಂದೆ ಮುಂದೆ ಆಡಿಸಿ ಅಂತೂ ಬಿಡಿಸಿದ. ಇಳಿಸಿ ನೋಡಿದರೆ ಅದರಲ್ಲಿ ಗಾಳಿಯೇ ಇಲ್ಲ! ಆ ಮಕ್ಕಳ ಮುಖ ನೋಡಿ ನನಗೆ ಸಂಕಟ ಆಯ್ತು. ಅದಕ್ಕೇ ನಿಮಗೆ ಬೇಲಿ ಹತ್ತಿರ ನಿಲ್ಲಿಸಿಕೊಂಡು ಇಷ್ಟು ಹೇಳ್ತಿರೋದು.

ಕೆಲಸ ಕಷ್ಟದ್ದಲ್ಲ. ಜಾಕಿಯ ಜೊತೆ ಉದ್ದನೆಯ ಕಬ್ಬಿಣದ ರಾಡ್‌ಗಳು ಕೊಟ್ಟಿರ್ತಾರೆ, ಒಂದಕ್ಕೊಂದು ಜೋಡಿಸೋ ಥರದ್ದು. ಗಾಡಿಯ ಹಿಂಭಾಗದಲ್ಲಿ ಅದನ್ನ ತೂರಿಸೋಕೆ ಒಂದು ತೂತು ಇರುತ್ತೆ. ಎಲ್ಲಿ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ನಿಮ್ಮ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ರಾಡ್ ತೂರಿಸಿ, ಒಳಗಿನ ಹಿಡಿತಕ್ಕೆ ಸರಿಯಾಗಿ ಕೂರಿಸಿ, ಅಪ್ರದಕ್ಷಿಣೆಯಾಗಿ ತಿರುಗಿಸ್ತಾ ಹೋದರೆ ಚಕ್ರ ನಿಧಾನಕ್ಕೆ ಕೆಳಗಿಳಿಯುತ್ತೆ. ನೆಲ ಮುಟ್ಟಿದ ಮೇಲೂ ಸ್ವಲ್ಪ ತಿರುಗಿಸಿ, ಸರಪಳಿ ಸಡಿಲ ಆಗಲಿ. ಸರಪಳಿಯ ತುದಿಯಲ್ಲಿ ಒಂದು ಕಬ್ಬಿಣದ ಪಟ್ಟಿ ಇದೆ. ಅದನ್ನ ಓರೆ ಮಾಡಿದರೆ ಚಕ್ರದ ನಡುವಿನ ತೂತಿನಿಂದ ಈಚೆ ಬರುತ್ತೆ. ಅಷ್ಟೇ. ಕೆಲವು ಗಾಡಿಗಳಲ್ಲಿ ಸರಪಳಿ ಬದಲು ಉಕ್ಕಿನ ಹಗ್ಗ, ಉಪಾಯ ಒಂದೇ.

ವಾಪಸ್ ಏರಿಸುವಾಗ ಮಾತ್ರ ಅವಸರ ಬೇಡ. ಆ ಪಟ್ಟಿ ತೂತಿನ ನಡುಮಧ್ಯ ಅಡ್ಡಲಾಗಿ ಕೂತಿದೆಯಾ ನೋಡಿಕೊಂಡು ಸುತ್ತಬೇಕು. ಬಿಗಿಯಾದ ಮೇಲೆ ಕೈಯಿಂದ ಚಕ್ರ ಅಲ್ಲಾಡಿಸಿ ನೋಡಬೇಕು. ಓರೆಯಾಗಿ ಕೂತದ್ದು ಗುಂಡಿಗೆ ಬಿದ್ದಾಗ ಸಡಿಲಾಗಿ ಕಳಚಿ ರಸ್ತೆಗೆ ಉರುಳಿದರೆ, ಹಿಂದೆ ಬರೋ ಬೈಕಿನವನ ಗತಿ ಏನು? ವರ್ಷಕ್ಕೊಂದು ಸಲ, ಮಳೆಗಾಲ ಮುಗಿದ ಕೂಡಲೇ ಇಳಿಸಿ, ಮಣ್ಣು ತೊಳೆದು, ಸರಪಳಿಗೂ ತಿರುಗುವ ಭಾಗಕ್ಕೂ ಗ್ರೀಸ್ ಹಚ್ಚಿಸಿ. ನೀವು ಮಂಗಳೂರಿಗೆ ಮಗನ ಮನೆಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರೋರು. ಕಡಲ ಕಡೆಯ ಉಪ್ಪುಗಾಳಿಗೆ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತೆ.

ಗಾಳಿಯ ವಿಷಯಾನೂ ಹೇಳಿಬಿಡ್ತೀನಿ. ಓಡದೇ ಸುಮ್ಮನೆ ಬಿದ್ದಿರೋ ಟಯರಿನಿಂದಲೂ ಗಾಳಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಇಳಿಯುತ್ತೆ. ಬಂಕಿನ ಹುಡುಗ ನಾಲ್ಕು ಚಕ್ರಕ್ಕೆ ಗಾಳಿ ಹಿಡಿದು ಕಳಿಸ್ತಾನೆ, ಐದನೆಯದನ್ನ ನೀವೇ ಕೇಳಬೇಕು. ಇನ್ನೊಂದು, ನಿಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ. ಮೊದಲಿನವರು ನಾಲ್ಕು ಟಯರ್ ಬದಲಾಯಿಸಿ ಸ್ಟೆಪ್ನಿ ಮಾತ್ರ ಹಾಗೇ ಬಿಟ್ಟಿರ್ತಾರೆ. ಟಯರಿನ ಪಕ್ಕದಲ್ಲಿ ‘ಡಾಟ್’ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. ‘2316’ ಅಂತಿದ್ದರೆ 2016ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು ಅಂತ. ಟಯರಿನ ಮೇಲಿನ ಬಟನ್ ಸವೆದಿಲ್ಲ, ಹೊಸದರ ಹಾಗೇ ಇದೆ ಅಂತ ನಂಬಬೇಡಿ. ರಬ್ಬರ್‌ಗೂ ವಯಸ್ಸಾಗುತ್ತೆ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಆ ಟಯರ್ ಬದಲಾಯಿಸಲೇಬೇಕು.

ಈಗಿನ ಕೆಲವು ಹೊಸ ಕಾರುಗಳಿಗೆ ಸ್ಟೆಪ್ನಿಯೇ ಇಲ್ಲ ಅಂತ ಮೊನ್ನೆ ಕೇಳಿದ್ರಲ್ಲ, ಅದು ನಿಜ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಟ್ಯೂಬ್‌ಲೆಸ್ ಟಯರ್, ಗಾಳಿ ಇಳಿದರೆ ಡ್ರೈವರ್‌ಗೆ ತಿಳಿಸುವ ವ್ಯವಸ್ಥೆ, ಜೊತೆಗೆ ಪಂಚರ್ ಕಿಟ್ ಇಷ್ಟು ಕೊಟ್ಟರೆ ಸಣ್ಣ ಪ್ರಯಾಣಿಕ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ಬೆಂಗಳೂರಲ್ಲಿ ಆಫೀಸಿಗೆ ಹೋಗಿ ಬರೋರಿಗೆ ಅದು ಸಾಕಾಗಬಹುದು, ಮೊಳೆ ಚುಚ್ಚಿದ ತೂತನ್ನ ಆ ಕಿಟ್ಟಿನ ಅಂಟು ಮುಚ್ಚುತ್ತೆ. ನಮ್ಮ ಕಡೆ ಟಯರ್ ಹಾಳಾಗೋದೇ ಬೇರೆ ರೀತಿ. ರಸ್ತೆ ಅಂಚು ಕೊಚ್ಚಿ ಹೋಗಿ ಜಲ್ಲಿ ಚೂಪಾಗಿ ನಿಂತಿರುತ್ತೆ, ಎದುರಿನ ಬಸ್ಸಿಗೆ ದಾರಿ ಬಿಡೋಕೆ ಕೆಳಗಿಳಿಸಿದರೆ ಟಯರಿನ ಪಕ್ಕೆಯೇ ಸೀಳುತ್ತೆ. ಪಕ್ಕೆ ಸೀಳಿದರೆ ಯಾವ ಅಂಟೂ ನಿಲ್ಲೋದಿಲ್ಲ. ಘಾಟಿ ಸೀಮೆಯಲ್ಲಿ ಸ್ಟೆಪ್ನಿ ಇಲ್ಲದ ಕಾರು ತಗೋಬಾರದು, ತಗೊಂಡರೂ ಒಂದು ಚಕ್ರ ಬೇರೆ ಕೊಂಡು ಇಟ್ಕೋಬೇಕು. ಇದು ನನ್ನ ಖಚಿತ ಅಭಿಪ್ರಾಯ. ಕೆಲವು ಕಾರುಗಳಿಗೆ ತೆಳ್ಳಗಿನ ಸ್ಟೆಪ್ನಿ ಕೊಡ್ತಾರೆ, ಮೇಲೆ ಗಂಟೆಗೆ 80 ಕಿಲೋಮೀಟರ್ ಮಿತಿ ಅಂತ ಬರೆದಿರುತ್ತೆ. ಪಂಚರ್ ಅಂಗಡಿವರೆಗೆ ಹೋಗೋಕೆ ಅಂತ ಕೊಟ್ಟದ್ದು ಅದು, ಅದರಲ್ಲೇ ವಾರಗಟ್ಟಲೆ ಓಡಾಡೋದು ತಪ್ಪು.

ಇನ್ನು ಚಕ್ರ ಬಿಚ್ಚೋದು. ಪಂಚರ್ ಆಯ್ತು ಅಂತ ಗೊತ್ತಾದ ಕೂಡಲೇ ತಿರುವಿನಲ್ಲೇ ನಿಲ್ಲಿಸಬೇಡಿ. ಟಯರ್ ಚಿಂದಿಯಾದರೂ ಪರವಾಗಿಲ್ಲ, ನಿಧಾನಕ್ಕೆ ನೇರ ರಸ್ತೆ, ಸಮತಟ್ಟು ಜಾಗ ಸಿಗೋವರೆಗೆ ಹೋಗಿ. ರಿಮ್ ಬೆಂಡಾದರೆ ದುಡ್ಡು ಕೊಟ್ಟರೆ ಸಿಗುತ್ತೆ. ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರನ್ನೂ ಇಳಿಸಿ, ರಸ್ತೆಯ ಕಡೆ ಅಲ್ಲ, ಬರೆಯ ಕಡೆ ನಿಲ್ಲಿಸಿ. ಕೆಂಪು ತ್ರಿಕೋನವನ್ನ ತುಂಬ ಹಿಂದೆ ಇಡಿ, ತಿರುವು ಇದ್ದರೆ ತಿರುವಿನ ಆಚೆಗೇ ಇಡಬೇಕು. ಲಾರಿಯವರು ಹಸಿರು ಕೊಂಬೆ ಮುರಿದು ಹಾಕ್ತಾರಲ್ಲ, ಅದೂ ಒಳ್ಳೇದೇ. ಕಲ್ಲು ಇಟ್ಟರೆ ಮಾತ್ರ ಹೊರಡುವಾಗ ತೆಗೆದೇ ಹೋಗಬೇಕು. ರಾತ್ರಿ ಹೊತ್ತು ಆ ಕಲ್ಲಿಗೆ ಬೈಕ್ ಹತ್ತಿಸಿ ಜೀವ ಕಳಕೊಂಡವರಿದ್ದಾರೆ. ಕಲ್ಲು ಬಿಟ್ಟು ಹೋಗೋರ ಮೇಲೆ ನನಗೆ ತುಂಬ ಸಿಟ್ಟಿದೆ.

ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಬಿಚ್ಚೋ ಚಕ್ರದ ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಸ್ಟೆಪ್ನಿಯನ್ನ ಜಾಕಿ ಏರಿಸುವ ಮೊದಲೇ ಇಳಿಸಿಕೊಳ್ಳಿ, ಎತ್ತಿ ನಿಲ್ಲಿಸಿದ ಗಾಡಿಯಡಿ ನುಗ್ಗಿ ಅದನ್ನ ಬಿಚ್ಚೋದು ಅಪಾಯ. ನಟ್ಟುಗಳನ್ನೂ ಚಕ್ರ ನೆಲದ ಮೇಲಿರುವಾಗಲೇ ಒಂದೊಂದು ಸುತ್ತು ಸಡಿಲಿಸಿ. ಅಲ್ಲೇ ಬಹಳ ಜನ ಸೋಲೋದು. ಟಯರ್ ಅಂಗಡಿಯಲ್ಲಿ ಗಾಳಿಗನ್ನಿನಿಂದ ಎಷ್ಟು ಬಿಗೀತಾರೆ ಅಂದ್ರೆ, ಕಂಪನಿ ಕೊಟ್ಟ ಗೇಣುದ್ದದ ಪಾನಾ ಹಿಡಿದು ಮೇಲೆ ಹತ್ತಿ ನಿಂತರೂ ಜಗ್ಗೋದಿಲ್ಲ. ಅದಕ್ಕೆ ಅಂಗಡಿಯಲ್ಲೇ, ಕೊನೆಯ ಬಿಗಿ ಕೈಯಲ್ಲೇ ಹಾಕಪ್ಪ ಅಂತ ಹೇಳಿ, ನಿಂತು ನೋಡಿ. ಜೊತೆಗೆ ಉದ್ದ ಹಿಡಿಯ ವೀಲ್ ಸ್ಪ್ಯಾನರ್ ಒಂದು ತಗೊಂಡು ಡಿಕ್ಕಿಯಲ್ಲಿ ಹಾಕಿ. ಹಿಡಿ ಉದ್ದ ಆದಷ್ಟೂ ಕಡಿಮೆ ಬಲ ಸಾಕು, ನಿಮ್ಮ ಮನೆಯವರ ಕೈಯಲ್ಲೂ ಆಗುತ್ತೆ. ಜಾಕಿ ಕೊಡೋಕೆ ಗಾಡಿಯಡಿ ಗುರುತಿಸಿದ ಜಾಗ ಇದೆ, ಅಲ್ಲೇ ಕೊಡಬೇಕು. ನೆಲ ಮೆತ್ತಗಿದ್ದರೆ ಜಾಕಿಯಡಿ ಹಲಗೆ ತುಂಡು. ಏರಿಸಿದ ಮೇಲೆ ಸ್ಟೆಪ್ನಿಯನ್ನ ಗಾಡಿಯಡಿ ಅಡ್ಡ ಮಲಗಿಸಿಡಿ, ಜಾಕಿ ಜಾರಿದರೂ ಗಾಡಿ ಅದರ ಮೇಲೆ ನಿಲ್ಲುತ್ತೆ. ಪಂಚರಾದ ಚಕ್ರ ಬಿಚ್ಚಿದ ಮೇಲೆ ಅದನ್ನ ಒಳಗಿಟ್ಟು ಸ್ಟೆಪ್ನಿ ಈಚೆ ತಗೊಳ್ಳಿ.

ಆ ತೂಕದ ಚಕ್ರ ಎತ್ತೋದು ಹೇಗೆ ಅಂತೀರಾ? ಎತ್ತಲೇಬೇಡಿ. ಗೋಣಿಚೀಲ ಹಾಸಿ ನೆಲದ ಮೇಲೆ ಕೂತುಕೊಳ್ಳಿ, ಚಕ್ರವನ್ನ ಎರಡು ಪಾದಗಳ ಮೇಲೆ ನಿಲ್ಲಿಸಿ, ಹಿಮ್ಮಡಿ ಊರಿ ಪಾದ ಮೇಲೆತ್ತಿದರೆ ತೂತು ಬೋಲ್ಟಿಗೆ ಸರಿಹೊಂದುತ್ತೆ. ಸೊಂಟಕ್ಕೆ ಏನೂ ಆಗೋದಿಲ್ಲ. ನಟ್ಟುಗಳನ್ನ ಮೊದಲು ಕೈಯಲ್ಲೇ ಹಾಕಿ, ಆಮೇಲೆ ಒಂದರ ಪಕ್ಕ ಒಂದು ಅಂತಲ್ಲ, ಎದುರುಬದುರು ಬಿಗಿಯಿರಿ. ಗಾಡಿ ಇಳಿಸಿದ ಮೇಲೆ ಕೊನೆಯ ಬಿಗಿ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಂದು ಸಲ ನೋಡಿ.

ಡಿಕ್ಕಿಯಲ್ಲಿ ಗಾಳಿ ತುಂಬುವ ಸಣ್ಣ ಪಂಪೂ ಇರಲಿ, ಸಿಗರೇಟ್ ಸಾಕೆಟ್‌ಗೆ ಸಿಕ್ಕಿಸೋ ಥರದ್ದು. ಆ ಸಾಕೆಟ್ ಕೆಲಸ ಮಾಡದಿದ್ದರೆ ಫ್ಯೂಸ್ ಹೋಗಿರಬಹುದು. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಹೋದ ಬಣ್ಣದ್ದೇ ಹಾಕಬೇಕು. ಬೆಳ್ಳಿ ಕಾಗದ, ತಂತಿ ಸುತ್ತಿ ಹಾಕಿದರೆ ವೈರಿಗೆ ಬೆಂಕಿ ಹತ್ತುತ್ತೆ. ಬ್ಯಾಟರಿ ತುದಿಯಲ್ಲಿ ಬಿಳಿ, ನೀಲಿ ಪುಡಿ ಕೂತಿದ್ದರೆ ಎಂಜಿನ್ ನಿಲ್ಲಿಸಿ, ತಂತಿ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಉಜ್ಜಿ. ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ. ಘಾಟಿ ಹತ್ತುವಾಗ ಎಂಜಿನ್ ಕಾದು ಮುಳ್ಳು ಮೇಲೆ ಹೋದರೆ ನಿಲ್ಲಿಸಿ ಕಾಯಿರಿ. ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ಖಂಡಿತ ತೆಗೆಯಬೇಡಿ, ಕುದಿನೀರು ಮುಖಕ್ಕೇ ಚಿಮ್ಮುತ್ತೆ. ಬ್ರೇಕು, ಸ್ಟೀರಿಂಗು ಮಾತ್ರ ಗ್ಯಾರೇಜಿನವರ ಕೆಲಸ, ಅದಕ್ಕೆ ನಾವು ಕೈ ಹಾಕೋದು ಬೇಡ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ, ಸಿಗ್ನಲ್ ಇದ್ದರೆ, 1033ಕ್ಕೆ ಫೋನ್ ಮಾಡಿ.

ಮೇಷ್ಟ್ರೇ, ಈ ಭಾನುವಾರ ಮಳೆ ಬಿಟ್ಟಿದ್ದರೆ ಗಾಡಿ ಅಂಗಳಕ್ಕೆ ತನ್ನಿ, ನಾನೂ ಬರ್ತೀನಿ. ಒಂದು ಸಲ ಸ್ಟೆಪ್ನಿ ಇಳಿಸಿ, ಚಕ್ರ ಬಿಚ್ಚಿ, ವಾಪಸ್ ಹಾಕೋಣ. ಮಗಳೂ ಬೆಂಗಳೂರಿಂದ ಬಂದಿದ್ದಾಳಲ್ಲ, ಪಾನಾ ಅವಳ ಕೈಗೆ ಕೊಡಿ. ನಾಳೆ ಒಬ್ಬಳೇ ಗಾಡಿ ತಗೊಂಡು ಘಾಟಿ ಇಳಿಯೋಳು ಅವಳು, ಅವಳೇ ಬಿಚ್ಚಿ ಕಲೀಲಿ.