ವಸ್ತ್ರದುರ್ಗಂಧ ನಿರ್ಣಯ: ದಂಡು ಪ್ರದೇಶದ ಪಾಠ

ಮೊದಲು ಮಡಿವಾಳ ಮಾಚಿದೇವರಿಗೊಂದು ನಮಸ್ಕಾರ. ಆಮೇಲೆ ಶಾಸ್ತ್ರ.

ಗಂಧ ಎಂಬ ಗುಣ ಇರುವುದು ಪೃಥ್ವಿಯಲ್ಲಿ ಮಾತ್ರ, ಅದರಲ್ಲಿ ಸುರಭಿ, ಅಸುರಭಿ ಎಂದು ಎರಡೇ ಬಗೆ ಎಂದು ಅನ್ನಂಭಟ್ಟರು ತರ್ಕಸಂಗ್ರಹದಲ್ಲಿ ಕೈತೊಳೆದುಕೊಂಡರು. ಹದಿನೇಳನೆಯ ಶತಮಾನಕ್ಕೆ ಅಷ್ಟು ಸಾಕಿತ್ತು. ಬೀರುವಿನಿಂದ ಎದ್ದುಬಂದ ರೇಷ್ಮೆ ಸೀರೆ, ಪ್ಲಾಸ್ಟಿಕ್ ಕವರಿನೊಳಗೆ ಉಸಿರುಗಟ್ಟಿದ ಸೂಟು, ಗ್ಯಾರೇಜಿನ ಖಾಕಿ ಇವೆಲ್ಲ ಆ ಎರಡು ಖಾನೆಗಳಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಹಗ್ಗ, ಬಾಲ್ಕನಿಗಳನ್ನು ಆಧಾರವಾಗಿಟ್ಟುಕೊಂಡು ಹೊಸ ವಿಂಗಡಣೆ. ಇದನ್ನು ಓದಲು ಅರ್ಹರು ಯಾರೆಂದರೆ, ಮೂಗಿದ್ದೂ ವಾಷಿಂಗ್ ಮೆಷಿನ್ ಹಂಚಿಕೊಂಡಿರುವ ಪಿ.ಜಿ. ನಿವಾಸಿಗಳು.

ಮೊದಲನೆಯದು ಪೇಟಿಕಾಜ, ಎಂದರೆ ನುಸಿಗುಳಿಗೆಯ ವಾಸನೆ. ನ್ಯಾಫ್ತಲೀನ್ ಕರಗದೆಯೇ ನೇರವಾಗಿ ಆವಿಯಾಗಿ ಸೀರೆಯ ಮಡಿಕೆ ಮಡಿಕೆಯಲ್ಲೂ ಬಿಡಾರ ಹೂಡುತ್ತದೆ. ನೀರಿಗೆ ಅದು ಸೊಪ್ಪು ಹಾಕುವುದಿಲ್ಲ, ಹಾಗಾಗಿ ಒಗೆದು ಫಲವಿಲ್ಲ. ಜರಿ ಸೀರೆಯನ್ನು ಒಗೆಯುವವರಾದರೂ ಯಾರು? ನೆರಳಿನಲ್ಲಿ, ಗಾಳಿ ಆಡುವ ಕಡೆ, ಮಡಿಕೆ ಬದಲಿಸುತ್ತಾ ದಿನಗಟ್ಟಲೆ ಹರವಬೇಕು. ಮದುವೆಯ ಹಿಂದಿನ ರಾತ್ರಿ ಬೀರು ತೆರೆದು, ವಾಸನೆಯ ಮೇಲೆ ಸೆಂಟು ಹೊಡೆದು ರಸೆಲ್ ಮಾರ್ಕೆಟ್ಟಿನ ಮಲ್ಲಿಗೆ ಮುಡಿದು ಹೊರಡುವವರಿಂದ ಹುಟ್ಟುವ ಸಂಕರ ಗಂಧಕ್ಕೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ. ಒಂದು ಮಾತು ಮಾತ್ರ ತಮಾಷೆಯಲ್ಲ: ಕೂಸಿನ ಬಟ್ಟೆಯ ಜೊತೆ ನುಸಿಗುಳಿಗೆ ಇಡಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಅದರ ಆವಿ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು.

ಎರಡನೆಯದು ದ್ರಾವಕಜ, ಇಂದಿರಾನಗರದ ಕುಲೀನ ವಾಸನೆ. ಡ್ರೈಕ್ಲೀನಿಂಗ್‌ನ ಪರ್‌ಕ್ಲೋರೋಎಥಿಲೀನ್ ಅಥವಾ ಮಿನರಲ್ ಟರ್ಪೆಂಟೈನ್ ಎಂಬ ಪೆಟ್ರೋಲಿಯಂ ದ್ರಾವಕ ಪೂರ್ತಿ ಆರುವ ಮೊದಲೇ ಕವರ್ ಹಾಕಿದ್ದರ ಫಲ. ಕವರ್ ಕಿತ್ತು ಬಾಲ್ಕನಿಯಲ್ಲಿ ನೇತುಹಾಕಿ, ಅಷ್ಟೆ. ಮೂರನೆಯದು ಆಪಣಜ, ಎಂದರೆ ಅಂಗಡಿಯ ವಾಸನೆ. ಕಮರ್ಷಿಯಲ್ ಸ್ಟ್ರೀಟಿನ ಹೊಸ ಸುಕ್ಕುರಹಿತ ಅಂಗಿಗೆ ಹಚ್ಚಿದ ರಾಳದಿಂದ ಬಿಡುಗಡೆಯಾಗುವ ಫಾರ್ಮಾಲ್ಡಿಹೈಡ್. ನೀರಿನಲ್ಲಿ ಕರಗುವ ಸಾಧು ಪ್ರಾಣಿ. ತೊಡುವ ಮೊದಲು ಒಮ್ಮೆ ಒಗೆದರೆ ಬಹುಪಾಲು ಹೋಗುತ್ತದೆ.

ನಾಲ್ಕನೆಯ ತೈಲಜಕ್ಕೆ ಶಿವಾಜಿನಗರದ ಗುಜರಿ ಗಲ್ಲಿಗಳೇ ಗುರುಕುಲ. ಹತ್ತಿಗೆ ನೀರು ನೆಂಟ, ಪಾಲಿಯೆಸ್ಟರಿಗೆ ಎಣ್ಣೆ ನೆಂಟ. ಆದ್ದರಿಂದ ಟೆರಿಕಾಟ್ ಪ್ಯಾಂಟಿಗೆ ಹತ್ತಿದ ಡೀಸೆಲ್ ಸುಲಭವಾಗಿ ಮನೆ ಖಾಲಿ ಮಾಡುವುದಿಲ್ಲ. ಮೊದಲು ಗಾಳಿಗೆ, ಆಮೇಲೆ ಬಿಸಿನೀರು, ಡಿಟರ್ಜೆಂಟು, ದೀರ್ಘಕಾಲ ನೆನೆಸುವಿಕೆ, ಪುನರಾವರ್ತನೆ. ಪೆಟ್ರೋಲಿನಿಂದ ಹಸಿಯಾಗಿರುವುದನ್ನು ಮೆಷಿನ್ನಿಗಾಗಲೀ ಡ್ರೈಯರ್‌ಗಾಗಲೀ ಹಾಕುವವರು ವಿಮೆ ಕಾಗದ ಹುಡುಕಿಟ್ಟುಕೊಳ್ಳಲಿ.

ಇಲ್ಲಿ ಪೂರ್ವಪಕ್ಷ: ಅಡುಗೆ ಸೋಡಾ ಮತ್ತು ವಿನೆಗರ್ ಎರಡನ್ನೂ ಸುರಿದರೆ ಎಲ್ಲ ವಾಸನೆಯೂ ಹೋಗದೇ? ಹೋಗದು. ಬುಸ್ಸೆಂದು ನೊರೆ ಬರುವುದು ಅವೆರಡೂ ಪರಸ್ಪರ ಹೊಡೆದಾಡಿ ಸಾಯುವುದರಿಂದ. ಬಟ್ಟೆಗೆ ಉಳಿಯುವುದು ನಿಸ್ತೇಜ ಉಪ್ಪುನೀರು. ಸೋಡಾ ಹುಳಿ ಬೆವರಿನ ವಾಸನೆಗೆ ಆದೀತು, ಆಮ್ಲವೂ ಕ್ಷಾರವೂ ಅಲ್ಲದ ಸೀಮೆಎಣ್ಣೆಗೆ ಅದೇನು ಮಾಡೀತು? ವಿನೆಗರ್‌ಗೆ ನಿಜವಾದ ಉದ್ಯೋಗ ಇರುವುದು ಕೆ.ಆರ್. ಪುರದ ಕಡೆ. ಬೋರ್‌ವೆಲ್, ಟ್ಯಾಂಕರ್‌ಗಳ ಗಡಸು ನೀರಿನ ಕ್ಯಾಲ್ಸಿಯಂ ಸೋಪನ್ನು ಹಿಡಿದು ಬಿಳಿ ಕಿಟ್ಟವಾಗಿ ಎಳೆಗಳಲ್ಲಿ ಕೂರುತ್ತದೆ, ವಾಸನೆಯೂ ಅದರ ಮಗ್ಗುಲಲ್ಲೇ. ಕೊನೆಯ ಜಾಲಾಡಿಕೆಗೆ ಸ್ವಲ್ಪ ವಿನೆಗರ್ ಅದನ್ನು ಬಿಡಿಸುತ್ತದೆ. ನೀರಿನ ವಾಸನೆ ನೀರಿನದಲ್ಲ, ಬೆರೆತ ಮಣ್ಣಿನದು ಎಂದ ತಾರ್ಕಿಕರು ಟ್ಯಾಂಕರ್ ನೋಡದೆಯೇ ಗೆದ್ದರು. ಆದರೆ ಬ್ಲೀಚಿನ ಜೊತೆ ವಿನೆಗರ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಒಗೆತವಲ್ಲ, ಯುದ್ಧ.

ಇನ್ನು ಐದನೆಯದು, ಸಮಸ್ತ ದುರ್ಗಂಧಗಳ ಚಕ್ರವರ್ತಿ: ಸುರಭ್ಯಾಭಾಸ, ಎಂದರೆ ಸುಗಂಧದ ಸೋಗು. ಜಾಹೀರಾತಿನವರು ಇದನ್ನೇ ತಾಜಾತನ ಎನ್ನುತ್ತಾರೆ. ಉಳಿದ ನಾಲ್ಕೂ ಅಪ್ಪಿತಪ್ಪಿ ಅಂಟಿದವು. ಇದನ್ನು ಅಂಟಲೆಂದೇ ಮಾಡಿದ್ದು. ಹಲವು ಬಟ್ಟೆ ಕಂಡೀಷನರ್‌ಗಳಲ್ಲಿ ಸುಗಂಧ ಕಣ್ಣಿಗೆ ಕಾಣದ ಪಾಲಿಮರ್ ಗುಳಿಗೆಗಳೊಳಗಿರುತ್ತದೆ. ಬಟ್ಟೆ ಉಜ್ಜಿದಾಗಲೆಲ್ಲ ಒಂದಿಷ್ಟು ಒಡೆಯುತ್ತವೆ. ಧನವಿದ್ಯುದಂಶದ ಮೃದುಕಾರಕ ಹತ್ತಿಯ ಎಳೆಯನ್ನು ತಬ್ಬಿಕೊಳ್ಳುತ್ತದೆ. ಹಿಂದಿನ ಬಾಡಿಗೆದಾರನ ಲ್ಯಾವೆಂಡರ್ ನಿಮ್ಮ ಬನಿಯನ್ನಿಗೆ ಬರುವ ದಾರಿ ಮೆಷಿನ್ನಿನ ಕಂಡೀಷನರ್ ಖಾನೆ. ಅದನ್ನು ಕಿತ್ತು ಉಜ್ಜಿ. ಹತ್ತಿಯನ್ನು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿ (ರೇಷ್ಮೆ, ಉಣ್ಣೆಗೆ ನಿಷಿದ್ಧ), ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಬಿಸಿಲಿಗೆ ಹಾಕಿ. ಮತ್ತೆ ಅದೇ. ಇನ್ನಷ್ಟು ಘಮಘಮ ಪುಡಿ ಸುರಿಯುವುದು ಸಾಲ ತೀರಿಸಲು ಸಾಲ.

ಹೋಯಿತೋ ಇಲ್ಲವೋ ಹೇಳಲು ಸ್ವಂತ ಮೂಗು ಪ್ರಮಾಣವಲ್ಲ, ಅದು ಮನೆಯ ವಾಸನೆಗೆ ಒಗ್ಗಿಹೋಗಿರುತ್ತದೆ. ಹಲಸೂರಿನ ಹೊಂಗೆ ಮರದಡಿಯ ಇಸ್ತ್ರಿ ಗಾಡಿಗೆ ಒಯ್ಯಿರಿ. ನೀರು ಚಿಮುಕಿಸಿ ಕೆಂಡದ ಪೆಟ್ಟಿಗೆ ಎಳೆದೊಡನೆ ಕಂಕುಳ ಹೊಲಿಗೆಯಿಂದ ಆವಿಯ ಜೊತೆ ಎಲ್ಲವೂ ಹೊರಬೀಳುತ್ತದೆ. ಇಸ್ತ್ರಿಯವರು ಮುಖ ಪಕ್ಕಕ್ಕೆ ತಿರುಗಿಸಿದರೆ ಇನ್ನೊಂದು ಒಗೆತ ಬಾಕಿ.

ವಿವಾದದಲ್ಲಿರುವುದು ಒಂದೇ: ಬಿಟ್ಟುಹೋದ ವಾಸನೆ, ಪುಡಿ, ನೊರೆಗಳ ಗತಿ. ಹಲಸೂರು ಕಡೆಯ ರಾಜಕಾಲುವೆಗಳು ಇಳಿಯುವುದು ಬೆಳ್ಳಂದೂರಿಗೆ. 2015ರ ಮೇ ತಿಂಗಳಲ್ಲಿ ಆ ಕೆರೆಯ ನೊರೆಗೆ ಬೆಂಕಿಯೇ ಹತ್ತಿತ್ತು. ಹಾರಿಬಂದ ಆ ನೊರೆ ಸ್ಕೂಟರ್ ಸವಾರನ ಅಂಗಿಗೆ ಮೆತ್ತಿದರೆ ಆರನೆಯ ವರ್ಗ ಮಾಡಬೇಕೆಂದು ಕೆಲವರು, ಐದನೆಯದರ ಪುನರ್ಜನ್ಮವೆಂದು ಕೆಲವರು. ಎರಡೂ ಪಕ್ಷಗಳಿಗೆ ಒಪ್ಪಿಗೆಯಾದ ವಿಧಿ ಇದು: ಆ ಅಂಗಿ ಒಗೆಯುವಾಗ ಪುಡಿ ಅರ್ಧ ಚಮಚ ಕಡಿಮೆ.