ಅಂಬಾಸಿಡರ್‌ಗೆ ಯಾವ ಸಬ್‌ಫ್ರೇಮಣ್ಣಾ?

ಅಣ್ಣಾ, ಬಾನೆಟ್ ಆಮ್ಯಾಲೆ ಮುಚ್ಚೀರಂತ, ಒಂದೀಟು ಕಾಂಪೌಂಡ್ ಕಡೆ ಬರ್ರಿ. ನಿಮ್ಮ ಹುಡುಗ ಬೆಂಗಳೂರಿಂದ ಬಂದಾನಲ್ಲ, ಅಪ್ಪಾರ ಕಾಲದ ಅಂಬಾಸಿಡರ್‌ಗೆ ಮುಂದಿನ ಸಸ್ಪೆನ್ಷನ್ ಗಟ್ಟಿ ಮಾಡಸ್ತೀನಿ, ರಬ್ಬರೆಲ್ಲ ಕಿತ್ತಿಸಿ ಅಲ್ಯೂಮಿನಿಯಂ ಹಾಕಸ್ತೀನಿ ಅಂತ ರಾತ್ರಿ ಹೇಳಿದ. ಮಾಡಸಬ್ಯಾಡ್ರಿ ಅಂತ ಹೇಳಾಕ ಕರದೆ.

ಹುಡುಗ ಹೇಳೋದು ಸುಳ್ಳಲ್ಲ. ಇಂಗ್ಲೆಂಡಿನ ಹಳೇ ಮಿನಿ ಕಾರಿಗೆ ಹಂಗ ಮಾಡ್ತಾರ. ಅದರ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಗಾಲಿ ಎಲ್ಲಾ ಒಂದೇ ಸಬ್‌ಫ್ರೇಮಿಗೆ ಕೂಡಿರ್ತಾವ, ಆ ಫ್ರೇಮನ್ನ ಬಾಡಿಗೆ ಬೋಲ್ಟಿಂದ ಬಿಗದಿರ್ತಾರ. 1959ರಾಗ ಗಾಡಿ ಬಂದಾಗ ನಡುವ ರಬ್ಬರೇ ಇರಲಿಲ್ಲ. 1964ರಾಗ ಪ್ಯಾಡಿ ಹಾಪ್‌ಕಿರ್ಕ್ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು ಅಂಥಾ ಗಾಡಿಯೊಳಗ. ಒಳಗಿನ ಸಪ್ಪಳ ಕಡಿಮಿ ಆಗ್ಲಿ ಅಂತ ಕಂಪನಿಯವರು 1976ರಾಗ ರಬ್ಬರ್ ಹಾಕಿದರು. ಜೋರಾಗಿ ತಿರುವಿದ್ರ ಆ ರಬ್ಬರ್ ಅದುಮಿಕೊಂಡು ಫ್ರೇಮು ಒಂದೀಟು ಜರಗ್ತೈತಿ, ಗಾಲಿ ಸ್ಟೇರಿಂಗಿನ ಮಾತು ತಡಾ ಮಾಡಿ ಕೇಳ್ತೈತಿ. ಅದಕ್ಕ ರೇಸಿನವರು ರಬ್ಬರ್ ತಗದು ಗಟ್ಟಿ ಮೌಂಟ್ ಹಾಕ್ತಾರ.

ಆದ್ರ ನಿಮ್ಮ ಅಂಬಾಸಿಡರ್‌ಗೆ ಅಂಥಾ ಸಬ್‌ಫ್ರೇಮ್ ಎಲ್ಲೈತಣ್ಣಾ? ಅದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಮಗ, ಬಾಡಿ-ಚಾಸಿ ಬ್ಯಾರೆ ಬ್ಯಾರೆ ಇಲ್ಲ. ಮುಂದ ಕಾಯಿಲ್ ಸ್ಪ್ರಿಂಗೂ ಇಲ್ಲ, ಟಾರ್ಷನ್ ಬಾರ್ ಅನ್ನೋ ಉದ್ದನ್ನ ಸರಳು ತಿರುಚಿಕೊಂಡು ಭಾರ ಹೊರತೈತಿ.  

ಅಂದ್ರ ಹುಡುಗ ಗಟ್ಟಿ ಮಾಡಾಕ ಉಳಿಯೋದು ಸಸ್ಪೆನ್ಷನ್ ಆರ್ಮಿನ ರಬ್ಬರ್ ಬುಷ್ ಅಷ್ಟ. ಅದನ್ನೂ ಮಾಡಬ್ಯಾಡ ಅನ್ರಿ. ನಮ್ಮದು ಎರೆ ಸೀಮಿ. ಮಣ್ಣು ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಿಗಿಗೆ ಬಿರಿತೈತಿ, ರೋಡೂ ಅದರ ಜೋಡಿ ಏಳತೈತಿ, ಬೀಳತೈತಿ. ಮ್ಯಾಲೆ ನೆಲ್ಲಿನ ಸುಗ್ಗಿಯೊಳಗ ಲೋಡು ಟ್ರ್ಯಾಕ್ಟರ್. ತೆಕ್ಕಲಕೋಟಿ ದಾಟಿ ಬಳ್ಳಾರಿ ಮುಟ್ಟೋತನಕ ಗಾಲಿ ತಿನ್ನೋ ಏಟನ್ನ ನುಂಗೋದು ಆ ರಬ್ಬರು. ಅದನ್ನ ತಗದ್ರ ಏಟು ನೇರ ತಗಡಿಗೆ, ವೆಲ್ಡಿಂಗಿಗೆ. ರೈಸ್ ಮಿಲ್ಲಿನ ಮೋಟರ್ ತಂದು ಹಳೇ ಮಣ್ಣಿನ ಗ್ವಾಡಿಗೆ ಕಟ್ಟಿದ್ರ ಗ್ವಾಡಿ ನಿಲ್ತೈತೇನು? ವಯಸ್ಸಾದ ಬಾಡಿ ಅಣ್ಣಾ. ಉತ್ತರಪಾರಾ ಫ್ಯಾಕ್ಟರಿ 2014ರಾಗ ಬಂದಾಗೈತಿ, ಹೊಸಾ ಬಾಡಿ ಎಲ್ಲಿಂದ ತರ್ತೀರಿ?

ಗಾಡಿ ಎಡಕ್ಕ ಎಳಿತೈತಿ, ಸ್ಟೇರಿಂಗ್ ಸಡಲ್ಯಾಡತೈತಿ ಅಂತೀರಲ್ಲ, ಅದಕ್ಕ ಮೊದಲ ಬುಷ್ ನೋಡಸ್ರಿ. ರಬ್ಬರ್ ಎಣ್ಣಿ ಕುಡದು ಮೆತ್ತಗಾಗಿರ್ತೈತಿ, ಇಲ್ಲಾ ಒಣಗಿ ಸೀಳಿರ್ತೈತಿ. ಎರಡೂ ಕಡೆ ಕೂಡೇ ಬದಲಾಯಿಸ್ರಿ, ಒಂದ ಕಡೆ ಬ್ಯಾಡ. ಮೂತಿ ಕುಸದಿದ್ರ ಟಾರ್ಷನ್ ಬಾರ್ ಸರಿ ಮಾಡಿಸಿ ಎತ್ತರಕ್ಕ ತರ್ರಿ, ಗ್ರೀಸ್ ಹೊಡಸ್ರಿ.

ಇನ್ನೊಂದು, ಮೆಕ್ಯಾನಿಕ್ ಮುಂದ ನಿಂತು ಮಾಡಸ್ರಿ. ಜಾಕ್ ಮ್ಯಾಲೆ ಗಾಲಿ ಜೋತಾಡುವಾಗ ಬುಷ್ಷಿನ ನಟ್ಟು ಪೂರ್ತಿ ಬಿಗೀಬಾರದು. ಹಂಗ ಬಿಗದ್ರ ಗಾಡಿ ಇಳಿಸಿದ ಕೂಡ್ಲೇ ರಬ್ಬರ್ ತಿರುಚಿಕೊಂತೈತಿ, ಹೊಸಾದೂ ಬೇಗ ಹರಿತೈತಿ. ನಾಕೂ ಗಾಲಿ ನೆಲಕ್ಕ ಊರಿ, ಗಾಡಿ ತನ್ನ ಭಾರಕ್ಕ ಕುಂತ ಮ್ಯಾಲೆ ಕಡೀ ಬಿಗಿ ಕೊಡ್ಲಿ. ಅಲೈನ್‌ಮೆಂಟು ಆಮ್ಯಾಲೆ. ಹುಡುಗನ್ನೂ ಕರಕೊಂಡು ಹೋಗ್ರಿ, ಆ ಕಡೀ ಬಿಗಿಯ ಕೆಲಸ ಅವನ ಕೈಲೇ ಮಾಡಸ್ರಿ.